ಐರ್ಲೆಂಡಿಗೆ ಹೋಗಿ ಕುಡಿದ ನೀರು

ಬಸವಕಲ್ಯಾಣ

ದೇಶ ಬಿಟ್ಟು ಹೋಗುವವರು ಮೊದಲು ತವರಿಗೆ ಬಂದು ಮುಖ ತೋರಿಸಿ ಹೋಗಬೇಕು ಎಂಬುದು ನಮ್ಮವ್ವನ ಕಾಯಿದೆ. ಹುಮನಾಬಾದಿನಿಂದ ಐರ್ಲೆಂಡಿಗೆ ಹೋಗಬೇಕಾದವರು ಪೂರ್ವಕ್ಕೆ, ಹೈದರಾಬಾದಿನ ಕಡೆ ಹೊರಡಬೇಕು. ನಾನು ಪಶ್ಚಿಮಕ್ಕೆ, ಬಸವಕಲ್ಯಾಣದ ಕಡೆ ಹೊರಟೆ. ನನ್ನ ಮೊದಲ ವಿದೇಶ ಪ್ರವಾಸ ಹೀಗೆ ಉಲ್ಟಾ ದಿಕ್ಕಿನಿಂದಲೇ ಶುರುವಾಯಿತು. ಕಾರಿನಲ್ಲಿ ನನ್ನ ಜೊತೆ ಘಾಟಬೋರಾಳದ ಘಾಳೆಪ್ಪನವರಿದ್ದರು. ಹೊಸ ಅಂಗಿ ಹೊಲಿಸಿಕೊಂಡಿದ್ದರು. ಅದು ಮುದುಡೀತೆಂದು ಸೀಟಿಗೆ ಬೆನ್ನು ಆನಿಸದೆ ಕುಳಿತಿದ್ದರು.

ಅವರು ಯಾರು, ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಪರಾಧಶಾಸ್ತ್ರದ ಸಂಶೋಧಕಿ. ಅಪರಾಧ ಮಾಡಿದವರನ್ನು ಹಿಡಿಯಲು ಪೊಲೀಸರಿದ್ದಾರೆ. ಮಾಡದೆ ಸಿಕ್ಕಿಬಿದ್ದವರ ಬೆನ್ನು ಹತ್ತುವವಳು ನಾನು. ಸಾಕ್ಷಿ ಎಲ್ಲಿ ಎಡವಿತು, ಕೋರ್ಟು ಯಾಕೆ ನಂಬಿತು, ಬಿಡುಗಡೆಯಾಗಿ ಬಂದವರನ್ನು ಊರು ಹೇಗೆ ಬರಮಾಡಿಕೊಂಡಿತು ಎಂದು ಕೆದಕುವುದು ನನ್ನ ಕೆಲಸ. ಘಾಳೆಪ್ಪನವರು ಹೊಲಗಳಲ್ಲಿ ಕೂಲಿ ಮಾಡುವ, ಬೌದ್ಧರಾದ ದಲಿತ ಮನೆತನದವರು. ಅವರ ಊರಿನ ತೊಗರಿ ಹೊಲವೊಂದರಲ್ಲಿ ಹಿಂದೆ ಒಬ್ಬನ ಕೊಲೆಯಾಯಿತು. ಸಂಜೆಯ ಮಬ್ಬಿನಲ್ಲಿ ದೂರದಿಂದ ನೋಡಿದವನೊಬ್ಬ, ಕುಂಟುತ್ತ ಓಡಿಹೋದವನು ಘಾಳೆಪ್ಪನೇ ಎಂದು ಸಾಕ್ಷಿ ನುಡಿದ. ಘಾಳೆಪ್ಪನವರ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಅಷ್ಟಕ್ಕೇ ಅವರ ಆಯುಷ್ಯದ ಒಳ್ಳೆಯ ಭಾಗವೆಲ್ಲ ಜೈಲಿನಲ್ಲಿ ಕಳೆಯಿತು. ನಾನು ಆ ಕೇಸಿನ ಕಾಗದಗಳನ್ನು ಓದಿ, ಸಾಕ್ಷಿ ನಿಂತಿದ್ದ ಜಾಗಕ್ಕೆ ಅದೇ ಹೊತ್ತಿಗೆ ಹೋಗಿ ನಿಂತು, ಅಲ್ಲಿಂದ ಕುಂಟುವವನ ಗುರುತೂ ಸಿಗುವುದಿಲ್ಲ, ನೆಟ್ಟಗೆ ನಡೆಯುವವನ ಗುರುತೂ ಸಿಗುವುದಿಲ್ಲ ಎಂದು ಬರೆದೆ. ಒಬ್ಬ ವಕೀಲರು ಅದನ್ನು ಹಿಡಿದು ಮೇಲಿನ ಕೋರ್ಟಿನಲ್ಲಿ ವಾದಿಸಿದರು. ಘಾಳೆಪ್ಪನವರು ನಿರ್ದೋಷಿ ಎಂದು ತೀರ್ಪಾಯಿತು.

ಅಲ್ಲಿಂದೀಚೆಗೆ ನನ್ನ ಸಂಶೋಧನೆಗಾಗಿ ನಾನು ಅವರ ಮನೆಗೆ ಹೋಗಿ ಬರುತ್ತಲೇ ಇದ್ದೇನೆ. ಬಹುವಚನ ಬಿಟ್ಟು ಅವರನ್ನು ಎಂದೂ ಮಾತಾಡಿಸಿದವಳಲ್ಲ. ಆ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು. ಐರ್ಲೆಂಡಿನ ಒಂದು ಕಡಲೂರಿನಲ್ಲಿ ತಪ್ಪು ತೀರ್ಪಿಗೆ ಸಿಕ್ಕವರು, ಅವರ ವಿರುದ್ಧ ಸಾಕ್ಷಿ ಹೇಳಿದವರು, ನನ್ನಂಥ ಓದಿನವರು ಒಟ್ಟಿಗೆ ಕೂತು ಮಾತಾಡುವ ಸಭೆ ಇದೆ, ಇಬ್ಬರೂ ಬನ್ನಿ ಎಂದು ಕರೆ ಬಂದಾಗ ನಾನು ಕುಣಿದಾಡಿದೆ. ಘಾಳೆಪ್ಪನವರು, "ಅಲ್ಲಿ ಮಂದಿ ಜ್ವಾಳದ ರೊಟ್ಟಿ ತಿಂತಾರೇನ್ರಿ?" ಎಂದು ಕೇಳಿ, ಇಲ್ಲವೆಂದ ಮೇಲೂ ಬರಲು ಒಪ್ಪಿದರು.

ತವರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿ, ರಂಜಣಿಗೆಯಿಂದ ತಂಬಿಗೆ ತುಂಬಿಕೊಂಡು ಗಟಗಟ ಕುಡಿದೆ. ಮಣ್ಣಿನ ರಂಜಣಿಗೆಯ ಆ ತಂಪಿಗೆ ನಾನು ಹುಟ್ಟಿನಿಂದ ಸೋತವಳು. ಪಡಸಾಲೆಯಲ್ಲಿ ಕುಳಿತಿದ್ದ ಘಾಳೆಪ್ಪನವರಿಗೆ ಅಡುಗೆಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ನಮಗೆ ಕಪ್ಪು-ಬಸಿಯಲ್ಲಿ, ಅವರಿಗೆ ಕಾಗದದ ಲೋಟದಲ್ಲಿ. ಪಾತ್ರೆ ತೊಳೆಯುವವಳು ಬಂದಿಲ್ಲವೇನೋ ಅಂದುಕೊಂಡೆ. ಹಾಗಾದರೆ ನಮಗೆ ಕಪ್ಪು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಹೊರಡುವಾಗ ಅವ್ವ ನನ್ನ ಕೈ ಹಿಡಿದು, "ಹುಷಾರ ಮಗಳೆ. ಅಲ್ಲಿ ನೀರು ಹ್ಯಾಂಗಿರ್ತದೋ ಏನೋ. ಬಾಟ್ಲಿ ನೀರೇ ಕುಡಿ," ಎಂದಳು.

ಹೇಳುವ ಅಗತ್ಯವೇ ಇರಲಿಲ್ಲ. ಹಿಂದೊಮ್ಮೆ ನನಗೆ ಕಾಮಾಲೆಯಾಗಿತ್ತು. ಆಗಿನಿಂದ ಕ್ಷೇತ್ರಕಾರ್ಯಕ್ಕೆ ಹೋಗುವಾಗ ಹೆಗಲ ಚೀಲದಲ್ಲಿ ನೀರಿನ ಬಾಟಲಿ ಇಲ್ಲದಿದ್ದರೆ ನನಗೆ ಸೆರಗಿಲ್ಲದೆ ಬೀದಿಗೆ ಬಂದಂತಾಗುತ್ತದೆ.

ಮನ್ನಾಏಖೇಳ್ಳಿ

ಮರುದಿನ ಹೈದರಾಬಾದಿನ ದಾರಿ ಹಿಡಿದೆವು. ಮನ್ನಾಏಖೇಳ್ಳಿಯಲ್ಲಿ ಡ್ರೈವರ್ ಚಹಾ ಕುಡಿಯಲು ನಿಲ್ಲಿಸಿದ. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಘಾಳೆಪ್ಪನವರು ಅಂಗಿಯ ಮೇಲಿನ ಧೂಳನ್ನು ಬೆರಳಿನಿಂದ ಒಂದೊಂದಾಗಿ ಕೊಡವುತ್ತ ಕೇಳಿದರು.

"ಅಕ್ಕೋರೆ, ಅಲ್ಲಿ ಮಂದಿ ನಿಮಗೇನು ಬೇಕು ಅಂತ ಕೇಳಿದ್ರ ಏನ ಹೇಳ್ಲಿ?"

"ನಿಮಗೇನು ಬೇಕು ಅದನ್ನೇ ಹೇಳ್ರಿ."

"ನನಗೇನು ಭಾಳ ಬ್ಯಾಡ್ರಿ. ನಮ್ಮಣ್ಣ ಮಾರುತಿ ನನ್ನ ಮನ್ಯಾಗ ಒಂದ ತಂಬಿಗಿ ನೀರ ಕುಡದ್ರ ಮುಗೀತು."

ಇದು ನನಗೆ ಗೊತ್ತಿದ್ದ ಸಂಗತಿಯೇ. ಅಣ್ಣತಮ್ಮಂದಿರ ಮನೆಗಳ ನಡುವೆ ಒಂದೇ ಗೋಡೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುತ್ತಾರೆ. ಆಮೇಲೆ ಕುಶಲ, ಆಮೇಲೆ ಜಗಳ. ನೀರಡಿಕೆ ಇಲ್ಲದಿದ್ದರೂ ಒಂದು ಗುಟುಕು ಕುಡಿದು ಇಡಬೇಕು. ನೀರು ಮುಟ್ಟದೆ ಎದ್ದವರು ಆ ಮನೆಗೆ ಬಂದಂತೆಯೇ ಅಲ್ಲ. ತಮ್ಮ ಜೈಲಿನಿಂದ ಬಂದಾಗಿನಿಂದ ಮಾರುತಿ ಬಾಗಿಲವರೆಗೆ ಬರುತ್ತಾರೆ, ಹೊಲ-ದನದ ಮಾತಾಡುತ್ತಾರೆ. ಘಾಳೆಪ್ಪನವರ ಹೆಂಡತಿ ಶಾಂತಾಬಾಯಿ ತಂಬಿಗೆ ತಂದರೆ, "ಈಗೇ ಕುಡದ ಬಂದೀನವ್ವ," ಎಂದು ಎದ್ದು ಹೋಗುತ್ತಾರೆ. ಅಣ್ಣನೇ ಕುಡಿಯದ ಮೇಲೆ ಉಳಿದ ನೆಂಟರು ಯಾಕೆ ಕುಡಿದಾರು? ನಾನು ಇದನ್ನು 'ಸಮುದಾಯಕ್ಕೆ ಮರುಸೇರ್ಪಡೆಯ ತೊಡಕುಗಳು' ಎಂಬ ದೊಡ್ಡ ತಲೆಬರಹದಡಿ ಬರೆದು, ಮೆಚ್ಚುಗೆಯನ್ನೂ ಪಡೆದಿದ್ದೆ.

"ನಿಮ್ಮಣ್ಣಗ ತೀರ್ಪು ತಿಳಿಸಿ ಹೇಳಿದ್ದೆನಲ್ರಿ, ನೀವು ಖರೇನೇ ಕೊಲೆ ಮಾಡಿಲ್ಲಂತ," ಎಂದೆ. ಹೇಳುತ್ತಲೇ ಚೀಲದಿಂದ ಬಾಟಲಿ ತೆಗೆದು ಗಂಟಲು ತೋಯಿಸಿಕೊಂಡೆ.

ಘಾಳೆಪ್ಪನವರು ಬಾಟಲಿಯ ಕಡೆ ನೋಡಿದರು. ಆಮೇಲೆ ರಸ್ತೆಯ ಕಡೆ ನೋಡಿ, "ಹೇಳೀರಿ, ಹೇಳೀರಿ," ಎಂದರು.

ವಿಮಾನ ನಿಲ್ದಾಣ

ತಪಾಸಣೆಯ ಸಾಲಿನಲ್ಲಿ ನನಗೊಂದು, ಘಾಳೆಪ್ಪನವರಿಗೊಂದು ಫಜೀತಿಯಾಯಿತು. ನನ್ನದು ಸಣ್ಣದು: ನೀರಿನ ಬಾಟಲಿ ಒಳಗೆ ಬಿಡುವುದಿಲ್ಲವೆಂದರು. ಅಪರಾಧಶಾಸ್ತ್ರ ಓದಿದವಳಿಗೆ ಇಷ್ಟು ಗೊತ್ತಿರಬೇಡವೇ? ವಾದ ಮಾಡಿ ಸೋತು, ಅಲ್ಲೇ ನಿಂತು ಕುಡಿದಷ್ಟು ಕುಡಿದು ಉಳಿದದ್ದನ್ನು ತೊಟ್ಟಿಗೆ ಹಾಕಿದೆ.

ಘಾಳೆಪ್ಪನವರ ಸರದಿ ಬಂದಾಗ, ಮೈ ಸವರುವ ಸಿಪಾಯಿ ಕೈ ಎತ್ತಿ ಎಂದದ್ದೇ ತಡ, ಅವರು ಎರಡೂ ಕೈ ಎತ್ತಿ ಗೋಡೆಗೆ ಮುಖ ಮಾಡಿ ನಿಂತು, ಆಮೇಲೆ ಅವನ ಕಡೆ ತಿರುಗಿ ಬಾಯಿ ದೊಡ್ಡದಾಗಿ ತೆರೆದು ನಾಲಿಗೆ ಎತ್ತಿ ತೋರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಿಪಾಯಿ ನಗಲಿಲ್ಲ, ಅವನಿಗೆ ಅರ್ಥವಾಗಿರಬೇಕು. ಅವರ ಭುಜ ಮುಟ್ಟಿ, "ಬಾಯಿ ಬೇಡ ಕಾಕಾ, ಹೋಗ್ರಿ," ಎಂದ.

ಆಚೆ ಬಂದು ಬೆಲ್ಟು ಕಟ್ಟಿಕೊಳ್ಳುತ್ತ ಅವರು, "ಜೈಲಿನಾಗ ಒಳಗ ಹೋಗೋಮುಂದ ಹುಡುಕ್ತಿದ್ರು. ಇಲ್ಲಿ ಹೊರದೇಶಕ್ಕ ಹೋಗೋಮುಂದ ಹುಡುಕ್ತಾರ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಬಾಟ್ಲಿನೂ ಕಸಕೊಂಡ್ರಲ್ರಿ," ಎಂದು ಮೆಲ್ಲಗೆ ನಕ್ಕರು. ಪಾಪ, ನನಗಾಗಿ ಮರುಗುತ್ತಿದ್ದಾರೆ ಎಂದು ನಾನು ತಿಳಿದೆ.

ಬ್ರೀಡ್ ಅವರ ಮನೆ

ಕಡಲೂರು ಸಣ್ಣದು. ನಮ್ಮ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅದರ ಇಡೀ ಸದ್ದು ಮುಳುಗಿಹೋದೀತು. ಮಳೆ ಬಂತೆಂದರೆ ಬಂತು, ನಿಂತಿತೆಂದರೆ ನಿಂತಿತು, ಎರಡನ್ನೂ ಅಲ್ಲಿನವರು ಒಂದು ದೊಡ್ಡ ಸುದ್ದಿಯಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಕೂಗಿ ಧನ್ಯವಾದ ಹೇಳುತ್ತಾರೆ. ಇದು ಘಾಳೆಪ್ಪನವರಿಗೆ ಭಾರಿ ಹಿಡಿಸಿತು. ಇಳಿಯುವಾಗೆಲ್ಲ ತಾವೂ, "ಜೈಭೀಮ್ರಿ," ಎನ್ನುತ್ತಿದ್ದರು. ಡ್ರೈವರುಗಳು ಕೈ ಎತ್ತಿ ಏನೋ ಉತ್ತರ ಕೊಡುತ್ತಿದ್ದರು. ನಮ್ಮ ಕಡೆ ಇಳಿಯುವಾಗ ಡ್ರೈವರಿಗೆ ಹೇಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಮಗೆ ಉಳಿಯಲು ಏರ್ಪಾಡು ಮಾಡಿದ್ದು ಬ್ರೀಡ್ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಒಳಗೆ ಕಾಲಿಡುತ್ತಲೇ ಚಹಾ ಕುಡಿಯುತ್ತೀರಾ ಎಂದರು. ಪಾಶ್ಚಾತ್ಯರು ಬೇಕೆಂದರೆ ಬೇಕು, ಬೇಡವೆಂದರೆ ಬೇಡ, ನಮ್ಮ ಹಾಗೆ ಉಪಚಾರದ ನಾಟಕವಿಲ್ಲ ಎಂದು ನಾನು ಎಲ್ಲೋ ಓದಿಕೊಂಡಿದ್ದೆ. ಹಾಗಾಗಿ ಖಡಾಖಂಡಿತವಾಗಿ ಬೇಡವೆಂದೆ. ಅವರು ಮತ್ತೆ ಕೇಳಿದರು. ಮತ್ತೆ ಬೇಡವೆಂದೆ. ಸ್ವಲ್ಪವೇ, ಎಂದರು. ನಾನು ಇನ್ನೂ ಖಡಕ್ಕಾಗಿ ಬೇಡವೆಂದೆ. ಅವರ ಮುಖ ಸಣ್ಣಗಾಯಿತು. ಘಾಳೆಪ್ಪನವರು ಮಾತ್ರ ಮೊದಲ ಸಲಕ್ಕೆ ತಲೆಯಾಡಿಸಿ ಬೇಡವೆಂದರು, ಎರಡನೆಯ ಸಲಕ್ಕೆ ಎದೆಗೆ ಕೈಯಿಟ್ಟು ಬೇಡವೆಂದರು, ಮೂರನೆಯ ಸಲಕ್ಕೆ ಕಪ್ಪು ತೆಗೆದುಕೊಂಡರು. ಬ್ರೀಡ್ ಅರಳಿದರು. ಆ ಊರಿನ ರಿವಾಜೇ ಅದಂತೆ. ಒಂದು ಅಕ್ಷರ ಇಂಗ್ಲಿಷ್ ಬಾರದವರು ಆ ಮನೆಯ ನೆಂಟರಾದರು, ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವಳು ಒರಟಿಯಾದಳು.

ಅದನ್ನು ಸರಿಪಡಿಸಲೆಂದು, "ಚಹಾ ಬೇಡ, ಬಾಟಲಿ ನೀರು ಇದ್ದರೆ ಕೊಡಿ," ಎಂದೆ. ಬ್ರೀಡ್ ನಕ್ಕು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ನಲ್ಲಿ ತೋರಿಸಿ, ನಮ್ಮ ನೀರು ಚೆನ್ನಾಗಿದೆ, ಧೈರ್ಯವಾಗಿ ಕುಡಿ ಎಂದರು. ನಾನು ನಲ್ಲಿ ತಿರುಗಿಸಿ ಲೋಟ ತುಂಬಿ ಒಂದೇ ಏಟಿಗೆ ಕುಡಿದೆ.

"ಬಾಟ್ಲಿ ಬ್ಯಾಡೇನ್ರಿ?" ಎಂದರು ಘಾಳೆಪ್ಪನವರು.

"ಇಲ್ಲಿ ನಲ್ಲಿ ನೀರ ಚಲೋ ಇರ್ತದಂತ್ರಿ."

"ಯಾರ ಹೇಳಿದ್ರು?"

"ಈಗ ಅವರೇ ಹೇಳಿದ್ರಲ್ಲ."

"ಹೌದ್ರಿ?" ಎಂದು ಅವರು ಕಪ್ಪಿನೊಳಗೆ ನೋಡುತ್ತ ಕುಳಿತರು.

ಸಂಜೆ ಮೈಕೆಲ್ ಎಂಬ ಮುದುಕರು ಬಂದರು. ಪಕ್ಕದ ಬೀದಿಯವರು. ಹಿಂದೆ ಒಂದು ದರೋಡೆಯ ಪ್ರಕರಣದಲ್ಲಿ ಬ್ರೀಡ್ ಕೋರ್ಟಿನಲ್ಲಿ ಬೆರಳು ತೋರಿಸಿ, ಇವರೇ ಅಂದಿದ್ದರು. ಅವರಾಗಿರಲಿಲ್ಲ. ಮೈಕೆಲ್ ಜೈಲಿನಲ್ಲಿ ಹಲ್ಲುಗಳನ್ನೂ ಹೆಂಡತಿಯನ್ನೂ ಕಳೆದುಕೊಂಡು ಬಂದರು. ನನಗೆ ಇದು ಮೊದಲೇ ತಿಳಿದಿತ್ತು. ಘಾಳೆಪ್ಪನವರಿಗೆ ಈಗ ಕನ್ನಡದಲ್ಲಿ ಹೇಳಿದೆ.

"ಅಂದ್ರ ಗವಾಹಿ ಹೇಳಿದಾಕಿ ಈಕೀನೇ?"

"ಹೌದ್ರಿ."

"ಮತ್ತ ಈಕಿ ಕೈಯ ಚಹಾ ಅವರು ಕುಡೀತಾರ?"

ಮೈಕೆಲ್ ಆಗಲೇ ಕುಡಿಯುತ್ತಿದ್ದರು. ಬಿಸ್ಕತ್ತು ಅದ್ದಿಕೊಂಡು, ಹಲ್ಲಿಲ್ಲದ ಬಾಯಲ್ಲಿ. ಘಾಳೆಪ್ಪನವರು ಅವರು ಕುಡಿದು ಮುಗಿಸುವವರೆಗೂ ಕಣ್ಣು ಕೀಳಲಿಲ್ಲ.

ದುಂಡಗೆ ಇಟ್ಟ ಕುರ್ಚಿಗಳು

ಸಭೆ ನಡೆದದ್ದು ಒಂದು ಹಳೆಯ ಶಾಲೆಯ ಕೋಣೆಯಲ್ಲಿ. ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ಮೊದಲು ನನಗೆ ಮಾತಾಡಲು ಹೇಳಿದರು. ನಾನು ಬಿಡುತ್ತೇನೆಯೇ? ನಾನು ಹುಟ್ಟಿದ ಕಲ್ಯಾಣದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಶರಣರು ಅರಸನ ಮಂತ್ರಿಯನ್ನೂ ಚಪ್ಪಲಿ ಹೊಲಿಯುವವರನ್ನೂ ಒಂದೇ ನೆಲದ ಮೇಲೆ ಹೀಗೆಯೇ ಕೂರಿಸಿದ್ದರು, ನಿಮಗೆ ಇದು ಹೊಸದು, ನಮಗಿದು ಹಳೆಯದು ಎಂದೆ. ಎಲ್ಲರೂ ತಲೆದೂಗಿದರು. ಮೂರು ದಿನಗಳ ಹಿಂದೆ ಅದೇ ಕಲ್ಯಾಣದ ನಮ್ಮ ಪಡಸಾಲೆಯಲ್ಲಿ ಕಂಡ ಕಾಗದದ ಲೋಟ ಆಗ ನನ್ನ ನೆನಪಿಗೆ ಬರಲಿಲ್ಲ. ಅದನ್ನು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಆ ಸಭೆಯಲ್ಲಿ ಒಂದು ಪದ್ಧತಿ. ಕಡಲ ದಂಡೆಯ ಒಂದು ನುಣುಪಾದ ಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಯಾರ ಕೈಯಲ್ಲಿದೆಯೋ ಅವರದೇ ಮಾತು. ನಡುವೆ ಬಾಯಿ ಹಾಕುವಂತಿಲ್ಲ, ಕೇಳಿಸಿಕೊಂಡದ್ದಕ್ಕೆ ಸಿಟ್ಟಾಗುವಂತಿಲ್ಲ. ಇದನ್ನು ಹಿಂದಿನ ಸಂಜೆಯೇ ಘಾಳೆಪ್ಪನವರಿಗೆ ಹೇಳಿದ್ದೆ. "ಏನ ಹೇಳಿದ್ರೂ ಯಾರೂ ಸಿಟ್ಟಾಗಂಗಿಲ್ಲೇನ್ರಿ? ಪಕ್ಕಾ?" ಎಂದು ಎರಡು ಸಲ ಕೇಳಿದ್ದರು. ಪಕ್ಕಾ ಎಂದಿದ್ದೆ.

ಅವತ್ತಿನ ಪ್ರಶ್ನೆ ಒಂದೇ: ಬಿಡುಗಡೆಯಾದ ಮೇಲೂ ನಿಮಗೆ ಮರಳಿ ಸಿಗದೆ ಉಳಿದದ್ದು ಏನು? ಒಬ್ಬರು ನಿದ್ದೆ ಎಂದರು. ಮೈಕೆಲ್, ನನ್ನ ನಾಯಿ ಎಂದರು. ಕೆಲವರು ನಕ್ಕರು, ಅವರೂ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಕಲ್ಲು ಘಾಳೆಪ್ಪನವರ ಕೈಗೆ ಬಂತು. ಅವರು ಒಂದು ಮಾತು ಹೇಳಿ ನಿಲ್ಲಿಸುವರು, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವೆನು.

"ನಮ್ಮ ಮನ್ಯಾಗ ನಮ್ಮಣ್ಣ ನೀರು ಕುಡಿಯಂಗಿಲ್ರಿ," ಎಂದು ಶುರುಮಾಡಿದರು. ತಂಬಿಗೆ ನೀರಿನ ರಿವಾಜನ್ನು ನಾನು ಬಿಡಿಸಿ ಹೇಳಿದೆ. ಚಹಾದ ಊರಿನವರಿಗೆ ಅದು ತಕ್ಷಣ ತಿಳಿಯಿತು.

"ಒಂದ ದಿನ ಕೇಳೇಬಿಟ್ಟೆ. ಅಣ್ಣಾ, ಕೋರ್ಟು ಬಿಟ್ಟದ, ಸರ್ಕಾರ ಬಿಟ್ಟದ, ನೀ ಯಾಕ ಬಿಡಾಕ ತಯಾರಿಲ್ಲ ಅಂದೆ."

ಹೇಳಿದೆ.

"ಅದಕ್ಕ ಅಣ್ಣ ಅಂದ, ಆ ಹುಮನಾಬಾದ್ ಅಕ್ಕೋರು ನಿನ್ನ ಕೇಸಿನ ಕಾಗದ ಎಲ್ಲಾ ಓದ್ಯಾರ. ನಮಗ್ಯಾರಿಗೂ ತಿಳೀಲಾರದ ಹಕೀಕತ್ ಅವರಿಗೆ ತಿಳದದ. ಅವರೇ ನಿನ್ನ ಮನ್ಯಾಗ ನೀರ ಮುಟ್ಟಂಗಿಲ್ಲ. ಬರೋಮುಂದ ಬಾಟ್ಲಿ ತರ್ತಾರ, ನಿನ್ನ ಕಟ್ಟಿ ಮ್ಯಾಲ ಕುಂತು ಬಾಟ್ಲಿ ನೀರೇ ಕುಡೀತಾರ. ಅವರು ಕುಡದ ದಿನ ನಾನೂ ಕುಡೀತೀನಿ ಅಂದ."

ಘಾಳೆಪ್ಪನವರು ನನ್ನ ಕಡೆ ನೋಡುತ್ತಿರಲಿಲ್ಲ, ಕಲ್ಲನ್ನು ನೋಡುತ್ತಿದ್ದರು.

"ಮೊದಲ ನಾನು ಜಾತಿ ಅಂದ್ಕೊಂಡಿದ್ದೆ. ಅದು ನಮಗ ರೂಢಿ ಅದ. ಅಣ್ಣ ಅಂದ ಮ್ಯಾಲ ಜೈಲಿನ ಸಲುವಾಗಿ ಇರಬೇಕು ಅಂದ್ಕೊಂಡೆ. ಎರಡರಾಗ ಯಾವುದು ಅಂತ ಕೇಳಾಕ ಬಾಯಿ ಬರ್ಲಿಲ್ಲ. ನನ್ನ ಬಿಡಿಸಿದವರಿಗೆ ಹ್ಯಾಂಗ ಕೇಳ್ಲಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದರು. ನಾನು ಅನುವಾದಿಸಿದೆ. ಪ್ರತಿ ಮಾತನ್ನೂ ಹೇಳಿದೆ, ಒಂದನ್ನು ಬಿಟ್ಟು. ಅಕ್ಕೋರು, ಬಿಡಿಸಿದವರು ಎಂಬಲ್ಲೆಲ್ಲ, 'ಇವರ ಕೇಸನ್ನು ಬಲ್ಲ ಪಕ್ಕದ ಪಟ್ಟಣದ ಒಬ್ಬ ಹೆಂಗಸು' ಎಂದೆ. ಸುಳ್ಳಲ್ಲ. ಕಟಕಟೆಯಲ್ಲಿ ನಿಂತವರು ಹೇಳುವ ಅರ್ಧ ಸತ್ಯಗಳ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ನನ್ನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು.

ಕಲ್ಲನ್ನು ಬ್ರೀಡ್ ತೆಗೆದುಕೊಂಡು ಕೇಳಿದರು: "ಆ ಹೆಂಗಸಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ? ಅವರಿಗೆ ಗೊತ್ತೇ ಇಲ್ಲದಿರಬಹುದು."

ಅನುವಾದಕರು ಎರಡೂ ಕಡೆಯ ಮಾತು ದಾಟಿಸಬೇಕು. ಘಾಳೆಪ್ಪನವರಿಗೆ, "ಆ ಹೆಣ್ಮಗಳಿಗೆ ಇದನ್ನ ಯಾರರ ಹೇಳ್ಯಾರೇನು ಅಂತ ಕೇಳಾಕತ್ತಾರ್ರಿ," ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಒಂದು ಗಳಿಗೆ ಹಿಡಿಯಿತು, ಅಷ್ಟೇ. ನಾನು ಹೇಗೆ ಅನುವಾದಿಸಿದ್ದೇನೆಂಬುದು ಅವರಿಗೆ ತಿಳಿದುಹೋಯಿತು.

"ಈಗ ಹೇಳೀನಲ್ರಿ," ಎಂದರು.

ಅದನ್ನೂ ಅನುವಾದಿಸಬೇಕಿತ್ತು. ಅನುವಾದಿಸಿದೆ. ಬ್ರೀಡ್ ಘಾಳೆಪ್ಪನವರ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಕಲ್ಲನ್ನು ಮುಂದಿನವರ ಕೈಗೆ ದಾಟಿಸಿದರು. ನೆಲ ಬಾಯಿ ಬಿಡಬಾರದೇ ಎಂಬ ಮಾತನ್ನು ನಾನು ಎಷ್ಟು ಸಲ ಹಗುರವಾಗಿ ಬಳಸಿದ್ದೇನೆ! ಅವತ್ತು ಆ ಶಾಲೆಯ ಮರದ ನೆಲ ಗಟ್ಟಿಯಾಗಿತ್ತು.

ಕಡಲ ದಂಡೆ

ಮಧ್ಯಾಹ್ನ ಘಾಳೆಪ್ಪನವರು ಸಮುದ್ರ ನೋಡಬೇಕೆಂದರು. ಗಾಳಿಗೆ ಅವರ ಹೊಸ ಅಂಗಿ ಬೆನ್ನಿಗೆ ಉಬ್ಬಿತ್ತು. ನಾನು ಹಿಂದಿನಿಂದ ಓಡುತ್ತ ಹೋಗಿ ಹೇಳಿದೆ: ನನಗೆ ಕಾಮಾಲೆಯಾಗಿತ್ತು, ಡಾಕ್ಟರು ಹೇಳಿದ್ದರು, ಹೊಟ್ಟೆಯ ಸಲುವಾಗಿ ಮಾತ್ರ, ಜಾತಿಯೂ ಅಲ್ಲ, ಜೈಲೂ ಅಲ್ಲ.

"ಹೌದೇನ್ರಿ," ಎಂದರು. ನಡೆಯುತ್ತ ನಡೆಯುತ್ತ, "ಬಸವಕಲ್ಯಾಣದಾಗ ರಂಜಣಿಗಿ ನೀರ ಕುಡದ್ರಿ," ಎಂದರು. ಇನ್ನಷ್ಟು ದೂರ ಹೋದ ಮೇಲೆ, "ಈಕಿ ಮನ್ಯಾಗ ನಲ್ಲಿ ನೀರ ಕುಡದ್ರಿ," ಎಂದರು.

ಪರದೇಶದ ಗುರುತಿಲ್ಲದ ಹೆಂಗಸು, ನಮ್ಮ ನೀರು ಚೆನ್ನಾಗಿದೆ ಅಂದ ಒಂದೇ ಮಾತಿಗೆ ನಲ್ಲಿಗೆ ಲೋಟ ಹಿಡಿದಿದ್ದೆ. ಶಾಂತಾಬಾಯಿ ಎಷ್ಟೋ ಸಲ ತಂಬಿಗೆ ಮುಂದೆ ಹಿಡಿದು, "ನಮ್ಮ ಬೋರಿನ ನೀರ ಭಾಳ ಸಿಹಿ ಅದ್ರಿ," ಅಂದದ್ದಕ್ಕೆ ಬಾಟಲಿ ಎತ್ತಿ ತೋರಿಸಿ ನಕ್ಕಿದ್ದೆ. ನನ್ನ ಕಾಮಾಲೆಗೆ ಊರು, ಮನೆ, ಜಾತಿ ಎಲ್ಲ ನೋಡಿ ನೆನಪಾಗುವ ಬುದ್ಧಿ ಇತ್ತೆಂದಾಯಿತು. ಬೇರೆಯವರ ಹೇಳಿಕೆಯಲ್ಲಿ ಇಂಥ ಬಿರುಕು ಸಿಕ್ಕಿದ್ದರೆ ನಾನು ಅದರೊಳಗೆ ಕೈ ಹಾಕಿ ಹರಿದುಬಿಡುತ್ತಿದ್ದೆ.

"ತಪ್ಪಾಯ್ತ್ರಿ," ಎಂದೆ.

"ನಿಮಗ ಬೈಯಾಕ ಹೇಳಿಲ್ರಿ ಅಕ್ಕೋರೆ. ಕಲ್ಲು ಕೈಯಾಗಿತ್ತು, ಹೇಳ್ದೆ," ಎಂದು ಅವರು ಬಗ್ಗಿ ಅಂಥದೇ ಒಂದು ಕಲ್ಲು ಹುಡುಕತೊಡಗಿದರು. ಸಿಗಲಿಲ್ಲ.

ಬ್ರೀಡ್ ಅವರ ಮೋರಿ

ಅವತ್ತು ಊಟವಾದ ಮೇಲೆ ಬ್ರೀಡ್ ಜೊತೆ ನಾನು ಪಾತ್ರೆ ತೊಳೆಯಲು ನಿಂತೆ. ಅವರು ತೊಳೆದು ಕೊಡುವರು, ನಾನು ಒರೆಸಿ ಇಡುವೆನು. ಅವರಾಗಿ ಏನೂ ಕೇಳಲಿಲ್ಲ. ನಾನೇ, "ಆ ಹೆಂಗಸು ನಾನೇ," ಎಂದೆ.

"ಗೊತ್ತಾಯಿತು," ಎಂದರು.

ಊರಿಗೆ ಹೋದ ಕೂಡಲೇ ಅವರ ಮನೆಯಲ್ಲಿ ನೀರು ಕುಡಿಯುತ್ತೇನೆ, ಅಣ್ಣನ ಕಣ್ಣೆದುರೇ ಕುಡಿಯುತ್ತೇನೆ ಎಂದು ನಾನು ಉತ್ಸಾಹದಿಂದ ಹೇಳಿದೆ. ಅಲ್ಲಿಗೆ ಕೆಲಸ ಮುಗಿಯಿತು ಎಂದೂ ಹೇಳಿರಬೇಕು. ಬ್ರೀಡ್ ಬಹಳ ಹೊತ್ತು ಒಂದೇ ಕಪ್ಪನ್ನು ತೊಳೆದರು.

"ನಾನೂ ಹಾಗೆಯೇ ತಿಳಿದಿದ್ದೆ," ಎಂದರು. "ನಾನು ಹೇಳಿದ್ದು ತಪ್ಪು ಎಂದು ತಿಳಿದ ಮೇಲೆ ಕೋರ್ಟಿಗೆ ಹೋಗಿ ಹೇಳಿದೆ. ಆಗ ಸುಳ್ಳು ಹೇಳಿದೆಯೋ, ಈಗ ಹೇಳುತ್ತಿದ್ದೀಯೋ ಎಂದು ಕೇಳಿದರು. ಮೊದಲ ಸಲ ಒಂದೇ ಮಾತಿಗೆ ನಂಬಿದವರು ಎರಡನೆಯ ಸಲ ನಂಬಲೇ ಇಲ್ಲ. ಕೊನೆಗೆ ಬೇರೆ ಯಾವುದೋ ಸಾಕ್ಷ್ಯದಿಂದ ಮೈಕೆಲ್ ಹೊರಬಂದ. ನನ್ನ ಮಾತಿನಿಂದಲ್ಲ."

"ಅವರು ನಿಮ್ಮನ್ನು ಹೇಗೆ ಕ್ಷಮಿಸಿದರು?"

"ಕ್ಷಮಿಸಿದ್ದಾನೋ ಇಲ್ಲವೋ, ನಾನು ಕೇಳಿಲ್ಲ. ಈ ಸಭೆಗಳಿಗೆ ಬರುತ್ತಿದ್ದ. ನಾನು ಚಹಾ ಮಾಡಿ ಅವನ ಮುಂದೆ ಇಡುತ್ತಿದ್ದೆ. ಮುಟ್ಟುತ್ತಿರಲಿಲ್ಲ. ಆರಿದ ಮೇಲೆ ಇದೇ ಮೋರಿಗೆ ಚೆಲ್ಲುತ್ತಿದ್ದೆ. ಮತ್ತೆ ಬಂದಾಗ ಮತ್ತೆ ಮಾಡುತ್ತಿದ್ದೆ. ವರ್ಷಗಳೇ ಹೋದವು."

"ಆಮೇಲೆ ಏನಾಯಿತು?"

"ಒಂದು ದಿನ ಅವನಿಗೆ ಬಾಯಾರಿತ್ತು," ಎಂದರು ಬ್ರೀಡ್. "ಅಷ್ಟೇ. ದೊಡ್ಡದೇನೂ ಆಗಲಿಲ್ಲ."

ಘಾಟಬೋರಾಳ

ವಾಪಸ್ಸಾದ ವಾರವೇ ಘಾಟಬೋರಾಳಕ್ಕೆ ಹೋದೆ. ಬಾಟಲಿ ಹುಮನಾಬಾದಿನ ಮನೆಯಲ್ಲೇ ಬಿಟ್ಟೆ. ಚೀಲ ಹಗುರವಾಗಿತ್ತು, ಕೈ ದಾರಿಯುದ್ದಕ್ಕೂ ಅದರ ಪಕ್ಕದ ಜೇಬನ್ನು ತಡವುತ್ತಿತ್ತು. ಬಿಸಿಲಿತ್ತು. ಬೇಕೆಂದೇ ದಾರಿಯಲ್ಲಿ ಎಲ್ಲೂ ಏನೂ ಕುಡಿಯಲಿಲ್ಲ.

ಘಾಳೆಪ್ಪನವರು ಕಟ್ಟೆಯ ಮೇಲೆ ಐದಾರು ಮಂದಿಗೆ ಐರ್ಲೆಂಡಿನ ಬಸ್ ಡ್ರೈವರುಗಳ ಕಥೆ ಹೇಳುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ ಅಣ್ಣ ಮಾರುತಿ ಹಗ್ಗ ಹೊಸೆಯುತ್ತ, ಕೇಳಿಸಿಕೊಳ್ಳದವರಂತೆ ಕೇಳುತ್ತಿದ್ದರು. ನನಗೆ ಕುರ್ಚಿ ಹಾಕಿದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹಲಗೆಯ ಮೇಲೆ ಹಿತ್ತಾಳೆಯ ತಂಬಿಗೆ ಬೆಳಗಿ ಇಟ್ಟಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ.

ಶಾಂತಾಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದರು. ಕೈಯಲ್ಲಿ ತಂಬಿಗೆ ಇರಲಿಲ್ಲ. ಬಾಟಲಿ ಇತ್ತು, ಸೀಲು ಒಡೆಯದ, ಮೈಮೇಲೆ ತಂಪಿನ ಹನಿಗಳಿದ್ದ ಹೊಸ ಬಾಟಲಿ. ಅದನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ನೀವು ಬರ್ತೀರಿ ಅಂದಾಗ ಅಂಗಡಿದಿಂದ ತರಿಸಿಟ್ಟೀನ್ರಿ ಅಕ್ಕೋರೆ. ಪ್ರತಿ ಸಲ ನೀವೇ ಹೊತ್ಕೊಂಡ ಬರ್ತೀರಿ, ನಮಗ ನಾಚಿಕಿ ಬರ್ತದ."

ಅವರ ಮುಖದಲ್ಲಿ ನನ್ನನ್ನು ಕೊನೆಗೂ ಸರಿಯಾಗಿ ಸತ್ಕರಿಸುತ್ತಿರುವ ಖುಷಿ ಇತ್ತು. ಘಾಳೆಪ್ಪನವರು ಆ ಸಭೆಯ ಮಾತನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನನ್ನ ಮಾನ ಕಾಯ್ದಿದ್ದರು. ನನಗೆ ಕಣ್ಣೆತ್ತಲಾಗಲಿಲ್ಲ.

"ಶಾಂತಾಬಾಯಿ, ಬಾಟ್ಲಿ ಬ್ಯಾಡ್ರಿ. ತಂಬಿಗಿ ಕೊಡ್ರಿ," ಎಂದೆ.

ಅವರು ಗಂಡನ ಮುಖ ನೋಡಿದರು. ಘಾಳೆಪ್ಪನವರು ನೆಲ ನೋಡುತ್ತ ತಲೆಯಾಡಿಸಿದರು. ಶಾಂತಾಬಾಯಿ ಒಳಗೆ ಹೋಗಿ ತಂಬಿಗೆ ತುಂಬಿ ತಂದರು. ನಾನು ಎತ್ತಿ ಕುಡಿದೆ, ಪೂರ್ತಿ ಕುಡಿದೆ. ಕುಡಿದೆ ಎನ್ನುವುದಕ್ಕಿಂತ ಕುಡಿದು ತೋರಿಸಿದೆ. ಗಂಟಲು ಸದ್ದು ಮಾಡಿತು, ಗದ್ದದಿಂದ ಹರಿದು ಕುಪ್ಪಸ ತೋಯ್ದಿತು. ನೀರು ನಿಜವಾಗಿಯೂ ಸಿಹಿಯಾಗಿತ್ತು. ಅದನ್ನು ಹೇಳಲು ಬಾಯಿ ತೆರೆದೆ, ಆದರೆ ಯಾರು ನಂಬಿಯಾರೆಂದು ಸುಮ್ಮನಾದೆ.

ಪಕ್ಕದ ಕಟ್ಟೆಯಲ್ಲಿ ಮಾರುತಿ ಹಗ್ಗ ಹೊಸೆಯುವುದನ್ನು ನಿಲ್ಲಿಸಿದ್ದರು. ನನ್ನನ್ನು ನೋಡಿದರು, ತಂಬಿಗೆ ನೋಡಿದರು, ಕೆಳಗಿಟ್ಟಿದ್ದ ನನ್ನ ಚೀಲವನ್ನು ನೋಡಿದರು. ಆಮೇಲೆ ಯಾರಿಗೂ ಅಲ್ಲದಂತೆ, ಹಗ್ಗಕ್ಕೆ ಹೇಳುವಂತೆ ಹೇಳಿದರು.

"ಇವತ್ತ ಬಾಟ್ಲಿ ಮರತ ಬಂದಾರ ಕಾಣ್ತದ."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇಷ್ಟು ವರ್ಷ ಕಣ್ಣಾರೆ ಕಂಡದ್ದನ್ನು ಒಂದು ತಂಬಿಗೆ ನೀರಿಗೆ ಬಿಟ್ಟುಕೊಡಲು ಅವರು ತಯಾರಿರಲಿಲ್ಲ, ಅಷ್ಟೇ. ಮತ್ತೆ ಹಗ್ಗಕ್ಕೆ ಕೈ ಹಚ್ಚಿದರು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಘಾಳೆಪ್ಪನವರು ಅಣ್ಣನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಗಿಡ್ಡ ಕಾಲನ್ನು ಕೈಯಿಂದ ನೀವಿಕೊಳ್ಳುತ್ತ ಕುಳಿತರು. ನಾನು ಬರಿದಾದ ತಂಬಿಗೆಯನ್ನು ಹಿಡಿದುಕೊಂಡೇ ಇದ್ದೆ.

ಶಾಂತಾಬಾಯಿ ಭಾವನ ಮಾತು ಕೇಳಿ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಇಷ್ಟು ದಿನ ಏನು ನಡೆದಿತ್ತೆಂಬುದು ಅವರಿಗೆ ಒಟ್ಟಾಗಿ ತಿಳಿದುಬಂದದ್ದು ನನಗೆ ಕಂಡಿತು. ಬೈದಾರು ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಸೆರಗಿನಿಂದ ಅದರ ಅಂಚು ಒರೆಸಿದರು.

"ನಾಳಿಗೂ ಬರ್ರಿ ಅಕ್ಕೋರೆ," ಎಂದರು. "ನೀರಡಿಸ್ಕೊಂಡ ಬರ್ರಿ."